ಎಂಜಿನ್ ಇಳಿಸುವ ಮೊದಲು ಸದ್ದನ್ನು ಕೇಳಿ

ಕಾಫಿ ಕೊಯ್ಲು ಹತ್ತಿರವಾದಂತೆ ಟ್ರಾಕ್ಟರ್ ಸದ್ದಿನ ಪತ್ರಗಳು ಜಾಸ್ತಿಯಾಗುತ್ತವೆ. ಮಳೆಗಾಲವೆಲ್ಲ ಶೆಡ್ಡಿನಲ್ಲಿ ನಿಂತ ಗಾಡಿಯನ್ನು ಹೊರಗೆ ತೆಗೆದಾಗಲೇ ಅಲ್ವಾ, ಎಲ್ಲ ಸದ್ದೂ ಕೇಳುವುದು? ಅದಕ್ಕೇ ಈ ಸಲದ ಪುಟಗಳನ್ನು ಸದ್ದಿನ ಪ್ರಶ್ನೆಗಳಿಗೇ ಬಿಟ್ಟಿದ್ದೇನೆ. ಮೊದಲ ಪ್ರಶ್ನೆಗೆ ಉದ್ದ ಉತ್ತರ ಬರೆದಿದ್ದೇನೆ. ಅದನ್ನು ಓದಿದರೆ ಉಳಿದವು ಸುಲಭವಾಗುತ್ತವೆ.

ಪ್ರಶ್ನೆ: ಆಲ್ದೂರಿನ ಹತ್ತಿರ ನಮ್ಮದು ಕಾಫಿ, ಅಡಿಕೆ ಇರುವ ಸಣ್ಣ ತೋಟ. ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡ ಹಳೇ ಸಣ್ಣ ಟ್ರಾಕ್ಟರ್ ಇದೆ. 18 ಎಚ್‌ಪಿ, ಮೂರು ಸಿಲಿಂಡರಿನ ಡೀಸೆಲ್ ಎಂಜಿನ್. ಈಚೆಗೆ ಸ್ಟಾರ್ಟ್ ಮಾಡಿ ಸುಮ್ನೆ ನಿಲ್ಲಿಸಿದಾಗ ‘ಕಟ ಕಟ ಕಟ’ ಎಂದು ಬಡಿಯುತ್ತದೆ. ರೇಸ್ ಕೊಟ್ಟರೆ ಸದ್ದು ಕಮ್ಮಿಯಾಗುತ್ತದೆ. ಒಬ್ಬ ಮೆಕ್ಯಾನಿಕ್ ಬಂದು, ಬಿಗ್ ಎಂಡ್ ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು ಎಂದರು. ಇನ್ನೊಬ್ಬರು ಗೇರ್‌ಬಾಕ್ಸ್ ಎಂದರು. ಆಯಿಲ್ ದೀಪ ಸರಿಯಾಗಿ ಆರುತ್ತದೆ, ಹೊಗೆ ಇಲ್ಲ, ಎಳೆಯುವ ಶಕ್ತಿಯೂ ಕಮ್ಮಿಯಾಗಿಲ್ಲ. ಏನು ಮಾಡಲಿ ಅಣ್ಣಾ?

ಉತ್ತರ: ಎಂಜಿನ್ ಇಳಿಸಬೇಡಿ. ಈಗಲೇ ಬೇಡ. ನೀವು ಬರೆದಿರುವ ವಿವರಗಳೇ ಬಿಗ್ ಎಂಡ್ ಎನ್ನುವ ಮಾತಿಗೆ ಹೊಂದುತ್ತಿಲ್ಲ. ಪಿಸ್ಟನ್ನಿನ ರಾಡು ಕ್ರ್ಯಾಂಕ್ ಶಾಫ್ಟನ್ನು, ಅಂದರೆ ಎಂಜಿನ್ನಿನ ಮುಖ್ಯ ತಿರುಗುವ ಶಾಫ್ಟನ್ನು, ಹಿಡಿದುಕೊಳ್ಳುವ ಜಾಗದ ಬೇರಿಂಗ್ ಅದು. ಅದು ಸವೆದಿದ್ದರೆ ಲೋಡ್ ಬಿದ್ದಾಗ ಬಡಿತ ಜಾಸ್ತಿಯಾಗುತ್ತದೆ. ರೇಸ್ ಕೊಟ್ಟು ತಟ್ಟನೆ ಬಿಟ್ಟರೆ ಎದ್ದು ಕೇಳುತ್ತದೆ. ಎಂಜಿನ್ ಬಿಸಿಯಾದ ಮೇಲೆ ಆಯಿಲ್ ತೆಳುವಾಗಿ ಒತ್ತಡ ಇಳಿಯುತ್ತದೆ, ಆಗ ಇನ್ನೂ ಜೋರಾಗುತ್ತದೆ. ನಿಮ್ಮದು ಇದಕ್ಕೆ ಉಲ್ಟಾ ಇದೆ.

ಆದರೆ ಆಯಿಲ್ ದೀಪ ಆರಿತು ಎಂದು ಪೂರ್ತಿ ನಂಬಬೇಡಿ. ಆ ದೀಪ ತೀರಾ ಕಡಿಮೆ ಒತ್ತಡಕ್ಕೇ ಆರಿಬಿಡುತ್ತದೆ. ಆಯಿಲ್ ಸ್ವಿಚ್ ಬಿಚ್ಚಿ, ಅದೇ ತೂತಿಗೆ ಪ್ರೆಷರ್ ಗೇಜ್ ಹಾಕಿಸಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ, ಗಾಡಿಯ ಮ್ಯಾನ್ಯುಯಲ್‌ನಲ್ಲಿರುವ ಅಂಕಿಗೆ ಹೋಲಿಸಿ. ಒತ್ತಡ ಬಿದ್ದಿದ್ದರೆ ಅಲ್ಲಿಗೇ ಆಫ್ ಮಾಡಿ, ಮುಂದಿನ ಯಾವ ಪರೀಕ್ಷೆಯೂ ಬೇಡ. ಒತ್ತಡ ಸರಿ ಇದ್ದರೆ ಧೈರ್ಯವಾಗಿ ಮುಂದೆ ಓದಿ.

ಇಬ್ಬರು ಮೆಕ್ಯಾನಿಕ್‌ಗಳು ಎರಡು ಜಾಗ ತೋರಿಸಿದ್ದಕ್ಕೆ ಕಾರಣ ಇದೆ. ಲಾರಿಗೆ ಇರುವ ಹಾಗೆ ಹೆಚ್ಚಿನ ಟ್ರಾಕ್ಟರ್‌ಗಳಿಗೆ ಬೇರೆ ಚಾಸಿ ಇರುವುದಿಲ್ಲ. ಎಂಜಿನ್ ಬ್ಲಾಕ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಹೌಸಿಂಗ್, ಇವನ್ನೇ ಒಂದಕ್ಕೊಂದು ಬೋಲ್ಟ್ ಮಾಡಿ ಬೆನ್ನೆಲುಬು ಮಾಡಿರುತ್ತಾರೆ. ನಡುವೆ ರಬ್ಬರ್ ಇಲ್ಲ. ಮುಂದಿನ ತುದಿಯಲ್ಲಿ ಬಡಿದದ್ದು ಕಬ್ಬಿಣದ ಮೂಲಕ ಸೀಟಿನ ಕೆಳಗೆ ಕೇಳಿಸುತ್ತದೆ. ಅದಕ್ಕೇ ‘ಸದ್ದು ಎಲ್ಲಿ ಕೇಳಿಸುತ್ತಿದೆ’ ಎನ್ನುವ ಪ್ರಶ್ನೆಯನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲ ಪ್ರಶ್ನೆ ಇದು: ಸದ್ದು ಯಾವುದರ ಜೊತೆ ಬರುತ್ತದೆ, ಯಾವುದರ ಜೊತೆ ಹೋಗುತ್ತದೆ? ಎಂಜಿನ್ ವೇಗದ ಜೊತೆಗೋ, ಚಕ್ರದ ವೇಗದ ಜೊತೆಗೋ? ಕ್ಲಚ್ ಒತ್ತಿದರೆ ಬದಲಾಗುತ್ತದೆಯೋ? ತಣ್ಣಗಿದ್ದಾಗ ಜಾಸ್ತಿಯೋ, ಬಿಸಿಯಾದಾಗಲೋ? ಎಳೆಯುವಾಗಲೋ, ಇಳಿಜಾರಿನಲ್ಲೋ? ಈ ಪ್ರಶ್ನೆಗಳಿಗೆ ಒಂದು ಸ್ಪ್ಯಾನರ್ ಕೂಡ ಬೇಕಾಗಿಲ್ಲ.

ಹಾಸನದಲ್ಲಿ ನಾನು ಕೆಲಸ ಕಲಿತ ಮೇಸ್ತ್ರಿಗೆ ಒಂದು ಅಭ್ಯಾಸ ಇತ್ತು. ಗಾಡಿ ಬಂದ ಕೂಡಲೇ ಡ್ರೈವರನ್ನು ಇಳಿಸಿ ಟೀ ಕುಡಿಸುತ್ತಿದ್ದರು. ಸದ್ದು ಯಾವಾಗ ಶುರುವಾಯಿತು, ಅದಕ್ಕೆ ಸ್ವಲ್ಪ ಮುಂಚೆ ಗಾಡಿಗೆ ಏನು ಮಾಡಿಸಿದ್ದಿರಿ ಎಂದು ವಿಚಾರಿಸುತ್ತಿದ್ದರು. ಇವತ್ತಿಗೂ ನಾನು ಕೇಳುವುದು ಅದನ್ನೇ. ಬೆಲ್ಟ್ ಹಾಕಿಸಿದ ಮೇಲೆ ಶುರುವಾದ ಸದ್ದಿಗೆ ಗೇರ್‌ಬಾಕ್ಸ್ ಬಿಚ್ಚುವುದರಲ್ಲಿ ಅರ್ಥವಿಲ್ಲ. ನೀವು ಆ ಮಾತು ಬರೆದಿಲ್ಲ. ನೆನಪು ಮಾಡಿಕೊಳ್ಳಿ.

ಈಗ ಪರೀಕ್ಷೆಗೆ ಬರೋಣ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಕಾಫಿ ಒಣಗಿಸುವ ಕಣ ಒಳ್ಳೆಯ ಜಾಗ. ಹ್ಯಾಂಡ್ ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಹಿಂದೆ ಕಟ್ಟಿದ ಉಪಕರಣವನ್ನು ತಿರುಗಿಸುವ ಪಿಟಿಒ ಬಿಡಿಸಿರಲಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಹೆಗಲ ಮೇಲಿನ ಟವೆಲ್ ತೆಗೆದಿಡಿ. ಪಂಚೆ ಉಟ್ಟಿದ್ದರೆ ಪ್ಯಾಂಟ್ ಹಾಕಿಕೊಂಡು ಬನ್ನಿ. ಫ್ಯಾನು ತಿರುಗುತ್ತಿರುವ ಎಂಜಿನ್ ಹತ್ತಿರ ಬಟ್ಟೆಯ ಒಂದು ತುದಿ ಸಿಕ್ಕರೆ ಸಾಕು.

ಮೊದಲು ತಗಡು. ಬಾನೆಟ್, ಅದರ ಹಿಂಜು, ಬ್ಯಾಟರಿ ಇಟ್ಟ ತಟ್ಟೆ, ಟೂಲ್ ಬಾಕ್ಸ್, ನಂಬರ್ ಪ್ಲೇಟು, ಸೈಲೆನ್ಸರ್ ಪಟ್ಟಿ, ಮಡ್‌ಗಾರ್ಡ್. ಎಂಜಿನ್ ಓಡುತ್ತಿರುವಾಗ ಇವನ್ನು ಒಂದೊಂದಾಗಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಸೈಲೆನ್ಸರನ್ನು ಮಾತ್ರ ಮರದ ತುಂಡಿನಿಂದ ಒತ್ತಿ. ಹಳೇ ಗಾಡಿಗಳಲ್ಲಿ ನಿಂತಾಗ ಬಂದು ರೇಸ್ ಕೊಟ್ಟರೆ ಹೋಗುವ ಸದ್ದು ಎಷ್ಟೋ ಸಲ ಇಲ್ಲೇ ಸಿಗುತ್ತದೆ. ನಿಧಾನವಾಗಿ ಓಡುವಾಗ ಎಂಜಿನ್ ಜಾಸ್ತಿ ನಡುಗುತ್ತದೆ, ಸಡಿಲ ತಗಡು ಅದಕ್ಕೆ ತಾಳ ಹಾಕುತ್ತದೆ.

ಆಮೇಲೆ ಕ್ಲಚ್. ಪೂರ್ತಿ ಒತ್ತಿ ಹಿಡಿದು ಕೇಳಿ. ಒತ್ತಿದ ಕೂಡಲೇ ಸದ್ದು ನಿಂತರೆ ಅದು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಕಡೆಯದು, ಅಥವಾ ಕ್ಲಚ್ ಪ್ಲೇಟಿನ ಸ್ಪ್ರಿಂಗುಗಳದು. ಒತ್ತಿದಾಗ ಹೊಸದಾಗಿ ‘ಘರ್ರ್’ ಎಂದು ಶುರುವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ನೋಡಬೇಕು. ನಮ್ಮ ಕಡೆ ಈ ಬೇರಿಂಗ್ ಬೇಗ ಸವೆಯುತ್ತದೆ. ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನಲ್ಲಿ ಗಾಡಿ ತಿರುಗಿಸಿ ತಿರುಗಿಸಿ, ಕಾಲು ಕ್ಲಚ್ ಮೇಲೇ ಇರುತ್ತದೆ. ಪೆಡಲ್ ಮೇಲೆ ಕಾಲಿನ ಭಾರ ಬಿದ್ದಷ್ಟು ಹೊತ್ತೂ ಬೇರಿಂಗ್ ತಿರುಗುತ್ತಿರುತ್ತದೆ. ಡ್ರೈವರಿಗೆ ಇದನ್ನು ಬಿಡಿಸಿ ಹೇಳಿ. ಕ್ಲಚ್ ಒತ್ತಿದರೂ ಬಿಟ್ಟರೂ ಸದ್ದು ಒಂದೇ ಥರ ಇದ್ದರೆ ಗೇರ್‌ಬಾಕ್ಸ್ ಮೇಲಿನ ಅನುಮಾನ ಬಿಟ್ಟುಬಿಡಬಹುದು.

ಮೂರನೆಯದು ಫ್ಯಾನ್ ಬೆಲ್ಟ್. ಎಂಜಿನ್ ನಿಲ್ಲಿಸಿ ಬೆಲ್ಟ್ ಬಿಚ್ಚಿ, ಮತ್ತೆ ಸ್ಟಾರ್ಟ್ ಮಾಡಿ ಒಂದು ನಿಮಿಷ ಮಾತ್ರ ಓಡಿಸಿ. ಬೆಲ್ಟ್ ಇಲ್ಲದಿದ್ದರೆ ವಾಟರ್ ಪಂಪೂ ಇಲ್ಲ, ಜಾಸ್ತಿ ಓಡಿಸಿದರೆ ಬಿಸಿಯಾಗುತ್ತದೆ. ಸದ್ದು ಪೂರ್ತಿ ಹೋದರೆ ವಾಟರ್ ಪಂಪು, ಡೈನಮೋ, ಫ್ಯಾನು, ಇವುಗಳಲ್ಲಿ ಒಂದು. ಪುಲ್ಲಿಗಳನ್ನು ಕೈಯಲ್ಲಿ ತಿರುಗಿಸಿ, ಅಲ್ಲಾಡಿಸಿ ನೋಡಿದರೆ ಯಾವುದು ಎಂದು ಗೊತ್ತಾಗುತ್ತದೆ. ಹೋಗದೆ, ಆದರೆ ಸದ್ದಿನ ಸ್ವರ ಬದಲಾದರೆ ಅದನ್ನೂ ಬರೆದಿಟ್ಟುಕೊಳ್ಳಿ. ಅದು ದೊಡ್ಡ ಸುಳಿವು.

ನಾಲ್ಕನೆಯದನ್ನು ಅಭ್ಯಾಸ ಇರುವ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳಿಗೆ ಹೋಗುವ ಪೈಪಿನ ನಟ್‌ಗಳನ್ನು ಒಂದೊಂದಾಗಿ ಸಡಿಲಿಸಬೇಕು. ಆ ಸಿಲಿಂಡರಿನಲ್ಲಿ ಡೀಸೆಲ್ ಉರಿಯುವುದು ನಿಲ್ಲುತ್ತದೆ. ಒಂದು ಸಿಲಿಂಡರನ್ನು ಹೀಗೆ ಬಿಡಿಸಿದಾಗ ಬಡಿತ ನಿಂತರೆ ಅಥವಾ ಮೆತ್ತಗಾದರೆ, ತೊಂದರೆ ಆ ಸಿಲಿಂಡರಿನದು. ನಾಜಲ್ ಇರಬಹುದು, ಪಿಸ್ಟನ್ ಪಿನ್ ಇರಬಹುದು, ಬಿಗ್ ಎಂಡ್ ಇರಬಹುದು. ಮೂರು ಸಿಲಿಂಡರನ್ನೂ ಒಂದೊಂದಾಗಿ ಬಿಡಿಸಿ ನೋಡಿದರೂ ಬಡಿತ ಹಾಗೇ ಇದ್ದರೆ ಬಿಗ್ ಎಂಡ್ ಎಂದು ಎಂಜಿನ್ ಇಳಿಸಲು ಆಧಾರವೇ ಇಲ್ಲ. ಇದನ್ನು ಮಾಡುವಾಗ ಕಣ್ಣಿಗೆ ಕನ್ನಡಕ ಇರಲಿ, ನಟ್ ಸುತ್ತ ಬಟ್ಟೆ ಇರಲಿ. ಚಿಮ್ಮುವ ಡೀಸೆಲ್‌ಗೆ ಕೈ ಅಡ್ಡ ಹಿಡಿಯಲೇಬಾರದು. ಅಲ್ಲಿ ನೂರು ಬಾರ್‌ಗೂ ಮೀರಿದ ಒತ್ತಡ ಇರುತ್ತದೆ. ಚರ್ಮ ತೂರಿ ಒಳಗೆ ಹೋದರೆ ಮೇಲೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ಹಾಗೇನಾದರೂ ಆದರೆ ನೋವಿಲ್ಲ ಎಂದು ಕೂರದೆ ಆಗಲೇ ಆಸ್ಪತ್ರೆಗೆ ಹೋಗಬೇಕು.

ಇಷ್ಟಾದ ಮೇಲೆ ‘ಎಲ್ಲಿ’ ಎನ್ನುವ ಪ್ರಶ್ನೆ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಇಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ. ತಿರುಗುವ ಭಾಗಗಳಿಂದ ದೂರ ಇರಿ. ವಾಲ್ವ್ ಕವರ್, ಟೈಮಿಂಗ್ ಕವರ್, ಇಂಜೆಕ್ಷನ್ ಪಂಪ್, ಕೆಳಗೆ ಆಯಿಲ್ ನಿಲ್ಲುವ ಸಂಪಿನ ಪಕ್ಕ, ಕ್ಲಚ್ ಹೌಸಿಂಗ್, ಹೀಗೆ ಒಂದೊಂದು ಕಡೆ ಇಟ್ಟು ಕೇಳಿ. ಒಂದು ಜಾಗ ಕೇಳಿದರೆ ಏನೂ ತಿಳಿಯುವುದಿಲ್ಲ. ಎರಡು ಜಾಗ ಹೋಲಿಸಿದಾಗಲೇ ತಿಳಿಯುವುದು.

ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುವವರಿಗೆ ಒಂದು ಮಾತು. ಸದ್ದು ಜೋರಾದರೆ ಫೋನು ತಾನೇ ತಗ್ಗಿಸಿಕೊಳ್ಳುತ್ತದೆ, ಮೆತ್ತಗಾದರೆ ಏರಿಸಿಕೊಳ್ಳುತ್ತದೆ. ಹಾಗಾಗಿ ಎಲ್ಲಿ ಜೋರು, ಎಲ್ಲಿ ಮೆತ್ತಗೆ ಎನ್ನುವುದು ರೆಕಾರ್ಡಿಂಗ್‌ನಲ್ಲಿ ಸಿಗುವುದಿಲ್ಲ. ಬಡಿತದ ಲಯ ಮಾತ್ರ ಸಿಗುತ್ತದೆ. ಲಯವೂ ಉಪಯೋಗದ್ದೇ. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ಹೋದರೆ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಒಂದು ಸುತ್ತು. ವಾಲ್ವನ್ನು ಒತ್ತುವ ಒಂದು ಟ್ಯಾಪೆಟ್ ಸಡಿಲವಾಗಿದ್ದರೆ ‘ಟಿಕ್’ ಎನ್ನುವುದು ಎರಡು ಸುತ್ತಿಗೆ ಒಂದು ಸಲ. ನಿಮಿಷಕ್ಕೆ 900 ಸುತ್ತು ಓಡುವಾಗ ಸೆಕೆಂಡಿಗೆ ಏಳೂವರೆ ಟಿಕ್. ಕಿವಿ ಅದನ್ನು ಎಣಿಸಲಾರದು. ಆದರೆ ಟ್ಯಾಪೆಟ್ ಸದ್ದು ಎಂಜಿನ್ನಿಗಿಂತ ಸೋಮಾರಿಯಾಗಿದೆ ಎಂದು ಚೆನ್ನಾಗಿ ಗೊತ್ತಾಗುತ್ತದೆ.

ಈ ಪರೀಕ್ಷೆಗಳನ್ನು ಮಾಡಿ, ಕಂಡದ್ದನ್ನು ಕಂಡಂತೆ ಬರೆದು ಕಳಿಸಿ ಎಂದು ಇವರಿಗೆ ಮೊದಲೇ ತಿಳಿಸಿದ್ದೆ. ಅವರ ಎರಡನೇ ಪತ್ರವೂ ಬಂದಿದೆ.

ಅದೇ ಓದುಗರಿಂದ: ನೀವು ಹೇಳಿದ ಹಾಗೆ ಮಾಡಿದೆವು. ಗೇಜ್ ಹಾಕಿಸಿದಾಗ ಬಿಸಿಯಲ್ಲೂ ಆಯಿಲ್ ಒತ್ತಡ ಮ್ಯಾನ್ಯುಯಲ್‌ನಲ್ಲಿ ಇದ್ದಷ್ಟು ಇದೆ. ತಗಡು ಎಲ್ಲ ಒತ್ತಿ ಹಿಡಿದರೂ ಸದ್ದು ಹೋಗಲಿಲ್ಲ. ಕ್ಲಚ್ ಒತ್ತಿದರೆ ವ್ಯತ್ಯಾಸ ಇಲ್ಲ. ಮೂರು ನಾಜಲ್ ಪೈಪ್ ಒಂದೊಂದಾಗಿ ಸಡಿಲಿಸಿದಾಗ ಎಂಜಿನ್ ಕುಂಟಿತು, ಕಟಕಟ ಮಾತ್ರ ಹೋಗಲಿಲ್ಲ. ಆದರೆ ಫ್ಯಾನ್ ಬೆಲ್ಟ್ ತೆಗೆದಾಗ ಸದ್ದು ಇನ್ನೂ ಜೋರಾಯಿತು. ಬೆಲ್ಟ್ ತೆಗೆದರೆ ಸದ್ದು ಕಮ್ಮಿಯಾಗಬೇಕು, ಜಾಸ್ತಿ ಯಾಕಾಯಿತು? ಮಳೆಗಾಲಕ್ಕೆ ಮುಂಚೆ ಮುಂದಿನ ಆಯಿಲ್ ಸೀಲ್ ಸೋರುತ್ತಿದೆ ಎಂದು ಹೊಸದು ಹಾಕಿಸಿದ್ದೆವು.

ಉತ್ತರ: ಕೊನೆಯ ಎರಡು ಸಾಲು ಓದಿ ನನಗೆ ಬಹಳ ಖುಷಿಯಾಯಿತು. ನಿಮ್ಮ ಎಂಜಿನ್ನಿನ ಒಳಗೆ ಏನೂ ಆಗಿಲ್ಲ ಎಂದೇ ನನ್ನ ನಂಬಿಕೆ. ಕ್ರ್ಯಾಂಕ್ ಪುಲ್ಲಿ ನೋಡಿ. ಕ್ರ್ಯಾಂಕ್ ಶಾಫ್ಟಿನ ಮುಂದಿನ ತುದಿಯಲ್ಲಿ, ಫ್ಯಾನ್ ಬೆಲ್ಟನ್ನು ಓಡಿಸುವ ದೊಡ್ಡ ಪುಲ್ಲಿ ಅದು. ಮುಂದಿನ ಆಯಿಲ್ ಸೀಲ್ ಹಾಕಬೇಕಾದರೆ ಅದನ್ನು ಬಿಚ್ಚಲೇಬೇಕು. ವಾಪಸ್ ಹಾಕುವಾಗ ನಡುವಿನ ನಟ್ ಸರಿಯಾಗಿ ಬಿಗಿಯಾಗಿಲ್ಲ.

ಪುಲ್ಲಿಗೂ ಶಾಫ್ಟಿಗೂ ನಡುವೆ ಅರ್ಧಚಂದ್ರದ ಆಕಾರದ ಒಂದು ಸಣ್ಣ ಕೀ ಇರುತ್ತದೆ. ಶಾಫ್ಟಿನ ತೋಡಿನಲ್ಲಿ ಅರ್ಧ, ಪುಲ್ಲಿಯ ತೋಡಿನಲ್ಲಿ ಅರ್ಧ ಕೂರುತ್ತದೆ. ಪುಲ್ಲಿಯನ್ನು ನಿಜವಾಗಿ ಹಿಡಿದಿಡುವುದು ನಟ್ಟಿನ ಬಿಗಿತ. ನಟ್ ಸಡಿಲವಾದರೆ ಪೂರ್ತಿ ಭಾರ ಕೀ ಮೇಲೆ ಬೀಳುತ್ತದೆ. ಕೀ ಸವೆಯುತ್ತದೆ, ತೋಡು ಅಗಲವಾಗುತ್ತದೆ, ಪುಲ್ಲಿ ಹಿಂದೆ ಮುಂದೆ ಬಡಿಯಲು ಜಾಗವಾಗುತ್ತದೆ.

ನಿಂತಾಗ ಬಡಿದು ರೇಸ್ ಕೊಟ್ಟಾಗ ಅಡಗುವುದು ಯಾಕೆ ಎಂದರೆ, ಮೂರು ಸಿಲಿಂಡರಿನ ಎಂಜಿನ್‌ನಲ್ಲಿ ಕ್ರ್ಯಾಂಕ್ 240 ಡಿಗ್ರಿ ತಿರುಗುವುದಕ್ಕೆ ಒಂದು ಸಲ ಡೀಸೆಲ್ ಉರಿದು ತಳ್ಳುತ್ತದೆ. ತಳ್ಳಿದಾಗ ಕ್ರ್ಯಾಂಕ್ ಒಂದಿಷ್ಟು ಮುಂದೆ ಓಡುತ್ತದೆ, ಮುಂದಿನ ಸಿಲಿಂಡರಿನಲ್ಲಿ ಗಾಳಿ ಒತ್ತುವಾಗ ಒಂದಿಷ್ಟು ತಡೆಯುತ್ತದೆ. ವೇಗ ಕಡಿಮೆ ಇದ್ದಾಗ ಈ ಏರಿಳಿತ ಜಾಸ್ತಿ. ಭಾರವಾದ ಪುಲ್ಲಿ ಅಷ್ಟು ಬೇಗ ಬದಲಾಗಲು ಒಪ್ಪುವುದಿಲ್ಲ, ಹೀಗಾಗಿ ಪ್ರತಿ ಸಲವೂ ಕೀಗೆ ಹೊಡೆಯುತ್ತದೆ. 900 ಸುತ್ತಿನಲ್ಲಿ ನಿಮಿಷಕ್ಕೆ 1350 ಹೊಡೆತ. ವೇಗ ಏರಿದಾಗ ಕ್ರ್ಯಾಂಕಿನ ಭಾರದ ಚಕ್ರ ಫ್ಲೈವೀಲ್ ಈ ಏರಿಳಿತವನ್ನು ಸಮ ಮಾಡುತ್ತದೆ, ಪುಲ್ಲಿ ಒಂದೇ ಪಕ್ಕಕ್ಕೆ ಒತ್ತಿಕೊಂಡು ಓಡುತ್ತದೆ. ಬೆಲ್ಟ್ ಇದ್ದಾಗ ಪುಲ್ಲಿಯನ್ನು ಒಂದು ಕಡೆಗೆ ಎಳೆದು ಹಿಡಿದಿರುತ್ತದೆ. ಬೆಲ್ಟ್ ತೆಗೆದಿರಿ, ಪುಲ್ಲಿಗೆ ಲಗಾಮು ತಪ್ಪಿತು. ಸದ್ದು ಜೋರಾದದ್ದು ಅದಕ್ಕೇ.

ಈ ಸದ್ದು ಬಿಗ್ ಎಂಡ್ ಸದ್ದಿನ ಹಾಗೇ ಇರುತ್ತದೆ. ಕ್ರ್ಯಾಂಕಿಗೇ ಬಡಿಯುವುದರಿಂದ ಬ್ಲಾಕ್ ತುಂಬ ಕೇಳಿಸುತ್ತದೆ. ಆ ಮೆಕ್ಯಾನಿಕ್ ಬಗ್ಗೆ ಕೋಪ ಮಾಡಿಕೊಳ್ಳಬೇಡಿ. ಆದರೆ ಇದೊಂದನ್ನು ನೋಡದೆ ಎಂಜಿನ್ ಇಳಿಸುವುದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಎಂಜಿನ್ ಬಿಚ್ಚಿ, ಬೇರಿಂಗ್, ಗ್ಯಾಸ್ಕೆಟ್ ಎಲ್ಲ ಹೊಸದು ಹಾಕಿ, ಪುಲ್ಲಿಯನ್ನು ಚೆನ್ನಾಗಿ ಬಿಗಿ ಮಾಡಿ ಕೂರಿಸಿದರೆ ಸದ್ದು ಹೋಗಿರುತ್ತದೆ. ಬೇರಿಂಗ್‌ದೇ ತೊಂದರೆ ಇತ್ತು ಎಂದು ಎಲ್ಲರೂ ನಂಬುತ್ತಾರೆ. ರೈತರ ದುಡ್ಡು ಹೀಗೆ ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಖಚಿತ ಮಾಡಿಕೊಳ್ಳುವ ದಾರಿ ಹೀಗೆ. ಎಂಜಿನ್ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಬೆಲ್ಟ್ ತೆಗೆದು ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಚಿ. ಕ್ರ್ಯಾಂಕ್ ಅಲುಗದೆ ಪುಲ್ಲಿ ಮಾತ್ರ ಕೂದಲಿನಷ್ಟು ಆಡಿದರೂ ಸಾಕು, ಕಳ್ಳ ಸಿಕ್ಕಿದ ಹಾಗೆ. ನಟ್ ಸುತ್ತ ತುಕ್ಕಿನ ಬಣ್ಣದ ಪುಡಿ ಕಾಣುತ್ತದೆಯೇ ನೋಡಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಗುರುತು ಅದು.

ಆಮೇಲೆ ಸುಮ್ನೆ ನಟ್ ಬಿಗಿ ಮಾಡಿ ಬಿಡಬೇಡಿ. ಬಿಚ್ಚಿಸಿ, ಕೀ ಬದಲಾಯಿಸಿ. ಪುಲ್ಲಿಯ ತೋಡು ಅಗಲವಾಗಿದ್ದರೆ ಪುಲ್ಲಿಯನ್ನೂ ಬದಲಾಯಿಸಿ. ಶಾಫ್ಟಿನ ತೋಡೇ ಕೆಟ್ಟಿದ್ದರೆ ಒಳ್ಳೆಯ ಲೇತ್ ಕೆಲಸದವರಿಗೆ ತೋರಿಸಿ. ಅದು ಗಾಡಿಯ ಪಕ್ಕದಲ್ಲೇ ಕೂತು ವೆಲ್ಡಿಂಗ್ ಮಾಡಿ ಮುಗಿಸುವ ಕೆಲಸ ಅಲ್ಲ. ಹೊಸ ಸೀಲಿನ ಬಾಯಿ ಉಜ್ಜಿಹೋಗಿದ್ದರೆ ಅದನ್ನೂ ಈಗಲೇ ಹಾಕಿಸಿ. ನಟ್ಟನ್ನು ಟಾರ್ಕ್ ರೆಂಚಿನಲ್ಲಿ, ಮ್ಯಾನ್ಯುಯಲ್ ಹೇಳಿದ ಅಳತೆಗೆ ಬಿಗಿ ಮಾಡಿಸಿ. ಬಿಗಿಯಾದ ಮೇಲೆ ನಟ್ಟಿನಿಂದ ಪುಲ್ಲಿಯವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡ ದಿನ ನಟ್ ತಿರುಗಿದೆ ಎಂದು ಅರ್ಥ.

ಅಲ್ಲಿಯವರೆಗೆ ಗಾಡಿ ಓಡಿಸಬೇಡಿ. ಕೀ ಮುರಿದರೆ ಫ್ಯಾನೂ ವಾಟರ್ ಪಂಪೂ ಒಟ್ಟಿಗೇ ನಿಲ್ಲುತ್ತವೆ. ಕಾಫಿ ಮೂಟೆ ಹೇರಿಕೊಂಡು ಏರು ಹತ್ತುವಾಗ ಹಾಗಾದರೆ, ಈಗ ಚೆನ್ನಾಗಿರುವ ಎಂಜಿನ್ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ.

ಪ್ರಶ್ನೆ: ಹಾಸನ ತಾಲ್ಲೂಕು ದುದ್ದ ಹೋಬಳಿಯವನು, ಆಲೂಗೆಡ್ಡೆ ಮತ್ತು ಜೋಳ ಬೆಳೆಯುತ್ತೇನೆ. ನಮ್ಮ ಹಳೇ ಸಣ್ಣ ಟ್ರಾಕ್ಟರಿನಲ್ಲಿ ಬೆಳಗ್ಗೆ ಹೊತ್ತು ರೋಟವೇಟರ್ ಎತ್ತಿದರೆ ‘ಕುಂಯ್’ ಎಂದು ಅಳುತ್ತದೆ. ಬಿಸಿಲೇರಿದ ಮೇಲೆ ಕಮ್ಮಿ. ಹೈಡ್ರಾಲಿಕ್ ಪಂಪ್ ಬದಲಾಯಿಸಬೇಕೇ?

ಉತ್ತರ: ಬೇಡ. ಪಂಪಿಗೆ ಎಣ್ಣೆ ಸಾಲುತ್ತಿಲ್ಲ. ಬೆಳಗ್ಗೆ ಎಣ್ಣೆ ತಣ್ಣಗಾಗಿ ಮಂದವಾಗಿರುತ್ತದೆ. ಪಂಪ್ ಎಣ್ಣೆ ಹೀರುವ ದಾರಿಯ ಜಾಲರಿ ಕಟ್ಟಿಕೊಂಡಿದ್ದರೆ ಎಳೆದರೂ ಬರುವುದಿಲ್ಲ. ಆಗ ಎಣ್ಣೆಯಲ್ಲಿ ಗುಳ್ಳೆ ಹುಟ್ಟಿ, ಪಂಪಿನೊಳಗೆ ಒಡೆಯುತ್ತವೆ. ಆ ಅಳು ಅದರದು. ಬಿಸಿಯಾಗಿ ಎಣ್ಣೆ ತೆಳುವಾದರೆ ಸರಾಗವಾಗುತ್ತದೆ. ಹಾಗೇ ಬಿಟ್ಟರೆ ಮಾತ್ರ ಪಂಪ್ ಒಳಗಿಂದ ತಿಂದುಹೋಗುತ್ತದೆ, ಆಗ ಬದಲಾಯಿಸಲೇಬೇಕು.

ಲಿಫ್ಟ್ ಪೂರ್ತಿ ಇಳಿಸಿ, ಸಮತಟ್ಟಾದ ಜಾಗದಲ್ಲಿ ಎಣ್ಣೆಯ ಮಟ್ಟ ನೋಡಿ. ಹೀರುವ ಪೈಪಿನ ಜಾಲರಿ ಅಥವಾ ಫಿಲ್ಟರ್ ತೆಗೆದು ತೊಳೆಯಿರಿ, ಬದಲಾಯಿಸುವ ಫಿಲ್ಟರಾದರೆ ಬದಲಾಯಿಸಿ. ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ನೊರೆ ಬಂದಿದ್ದರೆ ಹೀರುವ ಪೈಪಿನ ಓ-ರಿಂಗ್ ಕಡೆ ಗಾಳಿ ಎಳೆಯುತ್ತಿದೆ. ಹೆಚ್ಚಿನ ಟ್ರಾಕ್ಟರ್‌ಗಳಲ್ಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆ. ಅದಕ್ಕೇ ಅಂಗಡಿಯಲ್ಲಿ ‘ಯಾವುದಾದರೂ ಗೇರ್ ಆಯಿಲ್’ ಎಂದು ಕೇಳಬೇಡಿ. ಮ್ಯಾನ್ಯುಯಲ್‌ನಲ್ಲಿರುವ ದರ್ಜೆಯದನ್ನೇ ಹಾಕಿ.

ಇನ್ನೊಂದು, ಲಿಫ್ಟ್ ಮೇಲಕ್ಕೆ ಹೋಗಿ ನಿಂತ ಮೇಲೂ ಸದ್ದು ನಿಲ್ಲದಿದ್ದರೆ ಲಿವರನ್ನು ಒಂದು ಚೂರು ಕೆಳಗೆ ತನ್ನಿ. ಆಗ ನಿಂತರೆ, ಲಿಫ್ಟಿನ ತೋಳು ಕೊನೆ ಮುಟ್ಟಿದ ಮೇಲೂ ಪಂಪ್ ಒತ್ತುತ್ತಿದೆ, ಹೆಚ್ಚಾದ ಒತ್ತಡ ಬಿಡುವ ರಿಲೀಫ್ ವಾಲ್ವ್ ತೆರೆದು ಕಿರುಚುತ್ತಿದೆ ಎಂದು ಅರ್ಥ. ಲಿವರಿನ ಸ್ಟಾಪ್ ಸರಿಮಾಡಿಸಿದರೆ ಮುಗಿಯಿತು.

ಪ್ರಶ್ನೆ: ಕೊಪ್ಪದ ಕಡೆಯವನು. ಟ್ರೇಲರ್ ಕಟ್ಟಿಕೊಂಡು ಇಳಿಜಾರಿನಲ್ಲಿ ಬರುವಾಗ ಹಿಂದಿನಿಂದ ‘ಗುಂಯ್’ ಎಂದು ಬರುತ್ತದೆ. ನ್ಯೂಟ್ರಲ್ ಮಾಡಿದರೆ ನಿಲ್ಲುತ್ತದೆ. ಏರಿನಲ್ಲಿ ಇಲ್ಲ. ಏನಿರಬಹುದು?

ಉತ್ತರ: ಸದ್ದಿನ ವಿಷಯ ಆಮೇಲೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದನ್ನು ಇವತ್ತೇ ಬಿಡಿ. ದಯವಿಟ್ಟು ಬಿಡಿ. ಗೇರಿನಲ್ಲಿದ್ದರೆ ಎಂಜಿನ್ ಗಾಡಿಯನ್ನು ಹಿಡಿದಿರುತ್ತದೆ. ನ್ಯೂಟ್ರಲ್ ಮಾಡಿದ ಗಳಿಗೆ ಪೂರ್ತಿ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಸಣ್ಣ ಟ್ರಾಕ್ಟರ್ ಹಗುರ, ಹಿಂದಿನ ಟ್ರೇಲರ್ ಭಾರ. ಮಳೆ ಬಿದ್ದ ಮಣ್ಣಿನ ರಸ್ತೆಯಲ್ಲಿ ಟ್ರೇಲರ್ ಮುಂದಕ್ಕೆ ತಳ್ಳಿ ಗಾಡಿಯನ್ನು ಅಡ್ಡ ತಿರುಗಿಸಿಬಿಡುತ್ತದೆ. ಒಮ್ಮೆ ವೇಗ ಏರಿದರೆ ಮತ್ತೆ ಗೇರ್ ಬೀಳುವುದಿಲ್ಲ. ಯಾವ ಗೇರಿನಲ್ಲಿ ಏರು ಹತ್ತುತ್ತೀರೋ ಅದೇ ಗೇರಿನಲ್ಲಿ, ಅಥವಾ ಅದಕ್ಕಿಂತ ಕೆಳಗಿನ ಗೇರಿನಲ್ಲಿ ಇಳಿಯಿರಿ. ಎಡ ಬಲ ಬ್ರೇಕ್ ಪೆಡಲ್‌ಗಳನ್ನು ಜೋಡಿಸುವ ಕೊಂಡಿ ಹಾಕಿಯೇ ರಸ್ತೆಗೆ ಇಳಿಯಿರಿ.

ಈಗ ಸದ್ದು. ಎಳೆಯುವಾಗ ಇಲ್ಲದೆ, ಗಾಡಿಯೇ ಎಂಜಿನ್ನನ್ನು ತಳ್ಳುವಾಗ ಬರುವ ಗುಂಯ್‌ಗುಡುವಿಕೆ ಹಿಂದಿನ ಆಕ್ಸಲ್ ಒಳಗಿನ ಜೋಡಿ ಗೇರು, ಕ್ರೌನ್ ಮತ್ತು ಪಿನಿಯನ್ ಕಡೆ ಬೆರಳು ತೋರಿಸುತ್ತದೆ. ಇಳಿಯುವಾಗ ಹಲ್ಲಿನ ಇನ್ನೊಂದು ಮುಖ ತಾಗುತ್ತದೆ. ಪಿನಿಯನ್ ಬೇರಿಂಗಿನಲ್ಲಿ ಆಟ ಬಿದ್ದಿದ್ದರೆ ಪಿನಿಯನ್ ಜಾಗ ಬದಲಿಸಿ ಹಲ್ಲು ಸರಿಯಾಗಿ ಕೂರುವುದಿಲ್ಲ. ಹಿಂದಿನ ಎಣ್ಣೆ ಇಳಿಸುವಾಗ ಡ್ರೈನ್ ಬೋಲ್ಟನ್ನೂ ಪಾತ್ರೆಯ ತಳವನ್ನೂ ನೋಡಿ. ಬೂದು ಬಣ್ಣದ ನುಣ್ಣನೆ ಲೇಪ ಇದ್ದರೆ ಹೆದರಬೇಡಿ, ವರ್ಷಗಟ್ಟಲೆ ಓಡಿದ ಗೇರು ಅಷ್ಟು ಸವೆಯುತ್ತದೆ. ಬೆರಳಿಗೆ ಚುಚ್ಚುವ ಚೂರು, ಹಲ್ಲಿನ ತುಂಡು, ಹೊಳೆಯುವ ಚಕ್ಕೆ ಸಿಕ್ಕರೆ ಬಿಚ್ಚಿಸಲೇಬೇಕು. ಇಲ್ಲಿ ನಾನು ತಡ ಮಾಡಿ ಎನ್ನುವುದಿಲ್ಲ. ಘಟ್ಟದ ಊರಿನಲ್ಲಿ ಓಡುವ ಗಾಡಿಯ ಪಿನಿಯನ್ ಮುರಿದರೆ ಎಂಜಿನ್ನಿನ ಹಿಡಿತವೂ ಅದರ ಜೊತೆ ಹೋಗುತ್ತದೆ.

ಬಿಚ್ಚಿಸುವ ಮೊದಲು ಹಿಂದಿನ ಚಕ್ರದ ಬೋಲ್ಟುಗಳನ್ನೂ ಟ್ರೇಲರ್ ಚಕ್ರದ ಬೇರಿಂಗನ್ನೂ ನೋಡಿಬಿಡಿ. ಟ್ರೇಲರ್ ಕಳಚಿ ಅದೇ ಇಳಿಜಾರಿನಲ್ಲಿ ಗೇರಿನಲ್ಲೇ ಇಳಿದು ಬನ್ನಿ. ಸದ್ದು ಅದೇ ಥರ ಇದ್ದರೆ ಟ್ರೇಲರಿನದಲ್ಲ. ಸದ್ದು ಬರದಿದ್ದರೆ ಮಾತ್ರ ಅಷ್ಟಕ್ಕೇ ನಂಬಬೇಡಿ, ಟ್ರೇಲರ್ ಇಲ್ಲದೆ ಪಿನಿಯನ್ ಮೇಲೆ ಬೀಳುವ ಭಾರವೂ ಕಮ್ಮಿ. ಎಣ್ಣೆ ಇಳಿಸಿ ನೋಡಿಯೇ ತೀರ್ಮಾನಿಸಿ.

ಪ್ರಶ್ನೆ: ತರೀಕೆರೆಯ ಅಡಿಕೆ ತೋಟ ನಮ್ಮದು. ರೋಟವೇಟರ್ ನೆಲದಲ್ಲಿದ್ದಾಗ ಸದ್ದಿಲ್ಲ, ಸಾಲಿನ ಕೊನೆಯಲ್ಲಿ ಎತ್ತಿ ತಿರುಗಿಸುವಾಗ ಗಡಗಡ ಎನ್ನುತ್ತದೆ. ಪಿಟಿಒ ಶಾಫ್ಟಿನ ಜಾಯಿಂಟ್ ಹೊಸದು ಹಾಕಿಸಿದ ಮೇಲೆ ಇನ್ನೂ ಜಾಸ್ತಿಯಾಗಿದೆ.

ಉತ್ತರ: ಎತ್ತಿದಾಗ ಪಿಟಿಒ ಶಾಫ್ಟ್ ಮೇಲಕ್ಕೆ ವಾಲುತ್ತದೆ. ಕೋನ ಜಾಸ್ತಿಯಾದಷ್ಟೂ ಜಾಯಿಂಟ್ ಒಂದೇ ವೇಗದಲ್ಲಿ ತಿರುಗದೆ ಎಳೆದಾಡುತ್ತದೆ. ಒಂದು ಜಾಯಿಂಟಿನ ಎಳೆದಾಟವನ್ನು ಇನ್ನೊಂದು ತುದಿಯ ಜಾಯಿಂಟ್ ಸರಿತೂಗಿಸಬೇಕು. ಹಾಗಾಗಬೇಕಾದರೆ ಶಾಫ್ಟಿನ ಎರಡು ತುದಿಯ ಒಳಗಿನ ಕವಲುಗಳು ಒಂದೇ ನೇರಕ್ಕೆ ಇರಬೇಕು. ಜಾಯಿಂಟ್ ಹಾಕಿದ ಮೇಲೆ ಎರಡು ತುಂಡನ್ನು ಜೋಡಿಸುವಾಗ ಒಂದು ಹಲ್ಲು ತಪ್ಪಿಸಿ ಕೂರಿಸಿದ್ದಾರೆ ಎಂದು ಕಾಣುತ್ತದೆ. ಎಂಜಿನ್ ಆಫ್ ಮಾಡಿ, ಶಾಫ್ಟ್ ಬಿಚ್ಚಿ ನೆಲದ ಮೇಲೆ ಇಟ್ಟು ನೋಡಿ. ಕವಲು ನೇರ ಇಲ್ಲದಿದ್ದರೆ ಎಳೆದು ತೆಗೆದು ಸರಿಯಾಗಿ ಕೂರಿಸಿ, ಗ್ರೀಸ್ ಹೊಡೆಯಿರಿ. ತಿರುಗಿಸುವಾಗ ಬೇಕಾದಷ್ಟೇ ಎತ್ತಿ, ಜಾಸ್ತಿ ಎತ್ತಬೇಕಾದರೆ ಪಿಟಿಒ ನಿಲ್ಲಿಸಿಯೇ ಎತ್ತಿ.

ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಹಾಕಿಸಿ. ಪಿಟಿಒ 540 ಸುತ್ತಿನಲ್ಲಿ ಓಡುವಾಗ ಸೆಕೆಂಡಿಗೆ ಒಂಬತ್ತು ಸುತ್ತು. ಮಳೆಯಲ್ಲಿ ಕಂಬಳಿ ಕೊಪ್ಪೆ, ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಶಾಫ್ಟಿನ ಹತ್ತಿರ ಬಗ್ಗುವವರನ್ನು ನೋಡುತ್ತಲೇ ಇರುತ್ತೇನೆ. ಕೊಪ್ಪೆಯ ಅಂಚು ಸುತ್ತಿಕೊಂಡರೆ ಕೂಗುವಷ್ಟೂ ಸಮಯ ಸಿಗುವುದಿಲ್ಲ. ಸದ್ದು ಕೇಳಲು ಬಗ್ಗುವ ಮುಂಚೆ ಕೊಪ್ಪೆ ತೆಗೆದು ದೂರ ಇಡಿ. ಆಳುಗಳಿಗೂ ಹೇಳಿ.